ಊರ ನಡುವಿನ ಹೊಸ ಸಭೆ ಯಾರ ಹೊತ್ತಿಗೆ ಸೇರಬೇಕು?

ಬೆಂಗಳೂರಿನ ಪೇಟೆಯಲ್ಲಿ ಹೊಸದಾಗಿ ಒಂದು ಕನ್ನಡ ಕ್ರೈಸ್ತ ಸಭೆಯನ್ನು ಆರಂಭಿಸುವ ಮಾತು ನಮ್ಮ ಕೆಲವು ಕುಟುಂಬಗಳ ನಡುವೆ ಎದ್ದಾಗ, ಮೊದಲ ಆಕ್ಷೇಪ ಬಂದದ್ದು ನಮ್ಮ ಮನೆಯೊಳಗಿಂದಲೇ. "ದೇವಾಲಯ ಇಲ್ಲದ ಕಡೆ ಹೋಗಿ ಸಭೆ ಮಾಡ್ರಪ್ಪ. ಇಲ್ಲಿ ಹಡ್ಸನ್ ಇದೆ, ರೈಸ್ ಇದೆ, ಒಂದರಿಂದ ಇನ್ನೊಂದಕ್ಕೆ ನಡೆದರೆ ಕಾಲು ಗಂಟೆ. ಮೂರನೆಯದು ಯಾರಿಗೆ?" ಎಂದು ನಮ್ಮ ಚಿಕ್ಕಮ್ಮ ಕೇಳಿದರು. ಹಡ್ಸನ್, ರೈಸ್ ಎಂಬವು ಪೇಟೆಯ ಎರಡು ಹಳೆಯ ಚರ್ಚುಗಳು; ನಮ್ಮ ಮಾತಿನಲ್ಲಿ ಚರ್ಚೆಂದರೆ ದೇವಾಲಯ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹುಡುಕುತ್ತ ಹೋದಾಗ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಬೋಧಕನಲ್ಲ, ಲೆಕ್ಕ ಬರೆಯುವವನು, ಆ ಸಭೆಯ ಖಜಾಂಚಿ. ಆದ್ದರಿಂದ ಈ ಬರಹದಲ್ಲಿ ಬಾಡಿಗೆ, ಹೊತ್ತುಗೊತ್ತು, ಪರವಾನಗಿ, ಸ್ಮಶಾನ ಇಂಥ ಮಾತುಗಳೇ ಹೆಚ್ಚಾಗಿ ಬಂದರೆ ಓದುಗರು ಸಹಿಸಿಕೊಳ್ಳಬೇಕು.

ಇಂದು ಹಳೆಯವಾಗಿ, ಊರಿಗೆ ಊರೇ ಒಪ್ಪಿಕೊಂಡಂತೆ ಕಾಣುವ ಆ ಎರಡು ದೇವಾಲಯಗಳೂ ಒಂದು ಕಾಲಕ್ಕೆ ಹೊಸವೇ. ಬ್ರಿಟಿಷರು 1809ರಲ್ಲಿ ದಂಡು ಪ್ರದೇಶವನ್ನು ಕಟ್ಟಿದ ಆಸುಪಾಸಿನಲ್ಲೇ ಸೇಂಟ್ ಮಾರ್ಕ್ಸ್ ದೇವಾಲಯದ ಕೆಲಸವೂ ಶುರುವಾಗಿತ್ತು. ಅದು ಕಂಪನಿಯ ಸೈನ್ಯದವರಿಗಾಗಿ, ಅವರ ಇಂಗ್ಲಿಷಿನಲ್ಲಿ. ಸೈನ್ಯದ ಹಿಂದೆಯೇ ಮದ್ರಾಸ್ ಕಡೆಯಿಂದ ಬಂದು ನೆಲೆಸಿದವರಿಗಾಗಿ ದಂಡಿನಲ್ಲಿ ತಮಿಳು ಆರಾಧನೆ ಬೆಳೆಯಿತು. ಕಬ್ಬನ್ ಉದ್ಯಾನದ ಈಚೆಗಿದ್ದ ಪೇಟೆಯದು ಬೇರೆಯೇ ಲೋಕ. ಅಲ್ಲಿಗೆ ಹೋಗಿ ಕನ್ನಡದಲ್ಲಿ ಮಾತನಾಡಿದವರು ಲಂಡನ್ ಮಿಷನ್ನಿನವರು ಮತ್ತು ವೆಸ್ಲಿಯನ್ ಮಿಷನ್ನಿನವರು. 1837ರಲ್ಲಿ ಇಲ್ಲಿಗೆ ಬಂದ ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಅರ್ಧ ಶತಮಾನ ಇದೇ ಊರಿನಲ್ಲಿ ದುಡಿದು 1887ರಲ್ಲಿ ತೀರಿಕೊಂಡರು. ನಮ್ಮ ಶಾಸನಗಳನ್ನು ಸಂಪುಟಗಳಾಗಿ ತಂದ ಬಿ.ಎಲ್. ರೈಸ್ ಈ ಬೆಂಜಮಿನ್ ರೈಸರ ಮಗ. ಹಿಂದೆ ದೊಡ್ಡಪೇಟೆ ಎನಿಸಿಕೊಂಡಿದ್ದ ಅವೆನ್ಯೂ ರಸ್ತೆಯಲ್ಲಿ, ಹಳೆಯ ಪುಸ್ತಕದಂಗಡಿಗಳ ನಡುವೆ ದಪ್ಪ ಕಂಬಗಳನ್ನು ಮುಂದಿಟ್ಟುಕೊಂಡು ನಿಂತಿರುವ ದೇವಾಲಯಕ್ಕೆ ತಂದೆ ರೈಸರ ಹೆಸರೇ ಇದೆ. ಪಾಲಿಕೆ ಕಚೇರಿಯ ಎದುರಿನ ಕಲ್ಲಿನ ದೇವಾಲಯವನ್ನು ವೆಸ್ಲಿಯನ್ನರು ತಮ್ಮ ಜೊಸಾಯ ಹಡ್ಸನ್ ಅವರ ನೆನಪಿಗೆ 1904ರಲ್ಲಿ ಕಟ್ಟಿದರು. ಅಷ್ಟು ಸಮೀಪದಲ್ಲಿ ಎರಡು ಮಿಷನ್ನುಗಳು ಏಕೆ ಎಂಬ ಪ್ರಶ್ನೆ ಆಗಲೂ ಹುಟ್ಟಬಹುದಾಗಿದ್ದುದೇ. ಮಿಷನ್ನುಗಳ ಗಡಿ ಅಳಿದದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ. ಅಲ್ಲಿಂದೀಚೆಗೆ ಎರಡೂ ಒಂದೇ ಮನೆಯವು.

ಆದರೆ ಆ ದೇವಾಲಯಗಳನ್ನು ಕಟ್ಟಿದ ಕಾಲದಲ್ಲಿ ಪೇಟೆಯಲ್ಲಿ ಜನ ವಾಸವಾಗಿದ್ದರು. ಅಂಗಡಿಯ ಹಿಂದೆ ಮನೆ, ಮನೆಯ ಹಿಂದೆ ಕೊಟ್ಟಿಗೆ. ಮಿಷನ್ ಕಾಂಪೌಂಡಿನಲ್ಲಿ ಶಾಲೆಯ ಉಪಾಧ್ಯಾಯರು, ಛಾಪಖಾನೆಯವರು, ಮನೆಮನೆಗೆ ಹೋಗಿ ಬೈಬಲ್ ಓದಿ ಹೇಳುತ್ತಿದ್ದ ಬೈಬಲ್ ಹೆಂಗಸರು ಇದ್ದರು. ಗಂಟೆ ಹೊಡೆದರೆ ನಡೆದು ಬರುವಷ್ಟು ದೂರದಲ್ಲಿ ಸಭೆಯಿತ್ತು. ಈಗ ಚಿಕ್ಕಪೇಟೆ, ಬಳೇಪೇಟೆ, ಕಬ್ಬನ್‌ಪೇಟೆಗಳ ಮನೆಗಳು ಒಂದೊಂದಾಗಿ ಗೋದಾಮುಗಳಾಗಿವೆ. ನಮ್ಮವರೂ ವಿದ್ಯಾರಣ್ಯಪುರ, ಕೆಂಗೇರಿ, ಕೆ.ಆರ್. ಪುರಗಳ ಕಡೆ ನಿವೇಶನ ಕೊಂಡು ಹೋದರು. ಅಷ್ಟು ದೂರದಿಂದ ಕಾರು, ಸ್ಕೂಟರು ಹತ್ತಿ ಭಾನುವಾರ ಬೆಳಿಗ್ಗೆ ಅಪ್ಪ ಅಜ್ಜಂದಿರ ದೇವಾಲಯಕ್ಕೆ ಬಂದು, ಆರಾಧನೆ ಮುಗಿಸಿ, ದೊನ್ನೆ ಬಿರಿಯಾನಿ ಕಟ್ಟಿಸಿಕೊಂಡು ಹಿಂದಿರುಗುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ; ದೀಕ್ಷಾಸ್ನಾನ, ಮದುವೆ, ತಾಯಿಯ ಶವಸಂಸ್ಕಾರ ಎಲ್ಲವೂ ಒಂದೇ ಕಡೆ ನಡೆದ ಕುಟುಂಬಗಳು ಆ ನಂಟನ್ನು ಕಡಿದುಕೊಳ್ಳಬೇಕೆಂದು ನಾನು ಹೇಳಲಾರೆ. ಆದರೂ ಅದು ಊರ ನಡುವೆ ಸೇರುವ ಹೊರವಲಯದವರ ಸಭೆ. ಊರ ನಡುವೆ ಈಗ ಇರುವವರು ಬೇರೆ ಜನ.

ಅವರು ಯಾರೆಂದು ತಿಳಿಯಬೇಕಾದರೆ ಬೇರೆ ಹೊತ್ತಿನಲ್ಲಿ ಅಲ್ಲಿ ತಿರುಗಾಡಬೇಕು. ರಾತ್ರಿ ಎಂಟಕ್ಕೆ ಪಾಳಿ ಬದಲಾಗುವಾಗ ಎ.ಟಿ.ಎಂ. ಕಟ್ಟೆಯ ಮೇಲೆ ಕುಳಿತು ನೀಲಿ ಅಂಗಿಯನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳುವ ಕಾವಲುಗಾರರು. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವಿನ ಎರಡು ತಾಸಿನಲ್ಲಿ ಹೋಟೆಲಿನ ಮಾಳಿಗೆಯಲ್ಲಿ ಗೋಣಿತಾಟು ಹಾಸಿ ಮಲಗುವ ಹುಡುಗರು. ವಿಕ್ಟೋರಿಯಾ ಆಸ್ಪತ್ರೆಯ ಸುತ್ತಮುತ್ತಲಿನ ಹಾಸ್ಟೆಲ್ಲುಗಳಲ್ಲಿ ಆರು ಜನಕ್ಕೊಂದು ಕೋಣೆಯಲ್ಲಿರುವ ನರ್ಸಿಂಗ್ ಹುಡುಗಿಯರು. ಮೆಜೆಸ್ಟಿಕ್‌ನಲ್ಲಿ ರಾತ್ರಿ ತಂಗುವ ಬಸ್ಸಿನವರು. ಇವರಲ್ಲಿ ಕ್ರೈಸ್ತರು ನಾವು ಎಣಿಸಿದ್ದಕ್ಕಿಂತ ಹೆಚ್ಚು. ಅದರಲ್ಲೂ ಬೀದರ್ ಕಡೆಯವರು. ಆ ಜಿಲ್ಲೆಯಲ್ಲಿ ಅಮೆರಿಕದ ಮೆಥಡಿಸ್ಟ್ ಮಿಷನ್ನಿನಿಂದ ಬೆಳೆದ ಸಭೆಗಳು ಹಳ್ಳಿಹಳ್ಳಿಗಳಲ್ಲಿವೆ. ಆ ಮೆಥಡಿಸ್ಟರು 1947ರ ಐಕ್ಯದೊಳಗೆ ಬರಲಿಲ್ಲ, ಇಂದಿಗೂ ಪ್ರತ್ಯೇಕವಾಗಿಯೇ ಇದ್ದಾರೆ. ಹೀಗಾಗಿ ಹುಮನಾಬಾದಿನಿಂದಲೋ ಭಾಲ್ಕಿಯಿಂದಲೋ ಕೆಲಸ ಹುಡುಕಿಕೊಂಡು ಬಂದ ಹುಡುಗನಿಗೆ ಹಡ್ಸನ್ ದೇವಾಲಯ ತನ್ನದೆಂದು ತಟ್ಟನೆ ಅನ್ನಿಸುವುದಿಲ್ಲ. ಕಟ್ಟಡ ದೊಡ್ಡದು, ಬಂದವರ ಬಟ್ಟೆ ಒಳ್ಳೆಯದು, ಪಕ್ಕದಲ್ಲಿ ಕುಳಿತವರಿಗೆ ಅವನ ಪರಿಚಯವಿಲ್ಲ.

ಅದಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿತ್ತು. ನಾವು ಪರಿಚಯ ಮಾಡಿಕೊಂಡ ಒಬ್ಬ ಹೋಟೆಲ್ ಹುಡುಗನನ್ನು ಭಾನುವಾರ ಆರಾಧನೆಗೆ ಕರೆದಾಗ ಅವನು ಕೈಯ ನೀರನ್ನು ಅಂಗಿಗೆ ಒರೆಸಿಕೊಳ್ಳುತ್ತ, "ಐತಾರ ಮುಂಜಾನಿ ಬರ್ಲಕ್ ಆಗಲ್ರಿ ಅಣ್ಣಾ. ನಮಗ ಅವತ್ತೇ ಗಿರಾಕಿ ಜಾಸ್ತಿ ಇರ್ತದ. ಮಂಗಳವಾರ ಇದ್ರ ಹೇಳ್ರಿ" ಎಂದ. ಆರಾಧನೆಯ ನಂತರ ನಮ್ಮ ಜನ ಸಂಸಾರ ಸಮೇತ ತಿಂಡಿಗೆ ಹೋಗುತ್ತಾರಲ್ಲ, ಆ ಹೊತ್ತಿನಲ್ಲಿ ಅವರಿಗೆ ತಟ್ಟೆ ತಂದಿಡುವವನು ಅವನೇ. ಬೆಳಿಗ್ಗೆ ಎಂಟೂವರೆಯ ಆರಾಧನೆ ಎಂಬ ಏರ್ಪಾಡು ಯಾರ ವಾರದ ಲೆಕ್ಕಕ್ಕೆ ಹೊಂದುತ್ತದೆ ಎಂಬುದನ್ನು ನಾವು ಯಾವತ್ತೂ ಕೇಳಿಕೊಂಡಿರಲಿಲ್ಲ. ಚಿಕ್ಕಮ್ಮನಿಗೆ ನಾವು ಕೊಡಬೇಕಾಗಿದ್ದ ಉತ್ತರ ಅಲ್ಲಿ ಸಿಕ್ಕಿತು: ಊರ ನಡುವೆ ಮೂರನೆಯ ದೇವಾಲಯ ಬೇಕಾಗಿರಲಿಲ್ಲ, ಬೇರೊಂದು ಹೊತ್ತು ಬೇಕಾಗಿತ್ತು.

ಸತ್ಯವೇದವನ್ನು, ಅಂದರೆ ಬೈಬಲನ್ನು, ಈ ಕಣ್ಣಿನಿಂದ ಮತ್ತೆ ಓದಿದರೆ ಆದಿಸಭೆಯ ಕಥೆಗಳೆಲ್ಲ ಹೊತ್ತಿನ ಕಥೆಗಳಾಗಿ ಕಾಣುತ್ತವೆ. ಭಾನುವಾರ ರಜೆಯೆಂಬುದು ಅವರಿಗೆ ಗೊತ್ತೇ ಇರಲಿಲ್ಲ. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ 321ರಲ್ಲಿ ಆಜ್ಞೆ ಹೊರಡಿಸುವವರೆಗೆ ಅದು ದುಡಿಮೆಯ ದಿನವೇ. ತ್ರೋವ ಎಂಬ ಊರಿನಲ್ಲಿ ವಾರದ ಮೊದಲನೆಯ ದಿನವಾದ ಭಾನುವಾರ ರಾತ್ರಿ ದೀಪ ಹಚ್ಚಿಕೊಂಡು ಮೂರನೆಯ ಅಂತಸ್ತಿನಲ್ಲಿ ಸೇರಿದ್ದರು, ಅಪೊಸ್ತಲ ಪೌಲನ ಪ್ರಸಂಗ ಮಧ್ಯರಾತ್ರಿಯವರೆಗೂ ಸಾಗಿತು, ಕಿಟಕಿಯಲ್ಲಿ ಕುಳಿತಿದ್ದ ಯುವಕ ತೂಕಡಿಸಿ ಕೆಳಗೆ ಬಿದ್ದ ಎಂಬ ಕಥೆಯನ್ನು ಸಂಡೇ ಸ್ಕೂಲಿನಲ್ಲಿ ನಮಗೆ ಪ್ರಸಂಗದಲ್ಲಿ ನಿದ್ದೆ ಮಾಡಬಾರದೆಂದು ಹೆದರಿಸಲು ಹೇಳುತ್ತಿದ್ದರು. ಅವನು ಹಗಲೆಲ್ಲ ದುಡಿದು ಬಂದಿರಬಹುದೆಂದು ಯಾರೂ ಹೇಳಲಿಲ್ಲ. ಎಫೆಸದಲ್ಲಿ ಪೌಲ ತುರನ್ನನ ತರ್ಕಶಾಲೆಯಲ್ಲಿ ಎರಡು ವರ್ಷ ಉಪದೇಶ ಮಾಡಿದ. ಕೆಲವು ಪ್ರಾಚೀನ ಹಸ್ತಪ್ರತಿಗಳು ಅದು ಹಗಲು ಸುಮಾರು ಹನ್ನೊಂದರಿಂದ ನಾಲ್ಕರವರೆಗೆ ಎಂದು ಸೇರಿಸುತ್ತವೆ. ಅಂದರೆ ಬಿಸಿಲ ಹೊತ್ತು, ಊರು ಅಂಗಡಿ ಮುಚ್ಚಿ ವಿಶ್ರಮಿಸುವ ಹೊತ್ತು, ಶಾಲೆ ಖಾಲಿ ಬಿದ್ದಿರುವ ಹೊತ್ತು. ಬಾಡಿಗೆ ಕಡಿಮೆಯೂ ಇದ್ದಿರಬೇಕು ಎಂದು ಖಜಾಂಚಿಯಾದ ನನಗೆ ಅನ್ನಿಸುತ್ತದೆ. 112ರ ಸುಮಾರಿಗೆ ಬಿಥೂನ್ಯದ ಅಧಿಪತಿ ಪ್ಲಿನಿ ತನ್ನ ಚಕ್ರವರ್ತಿಗೆ ಬರೆದ ಪತ್ರದಲ್ಲಿ, ಈ ಜನ ಗೊತ್ತಾದ ದಿನ ಬೆಳಕು ಹರಿಯುವ ಮುನ್ನ ಸೇರಿ ಹಾಡುತ್ತಾರೆ, ಚದುರಿ ಹೋಗಿ ಮತ್ತೆ ಊಟಕ್ಕೆ ಕೂಡುತ್ತಾರೆ ಎಂದು ವರದಿ ಮಾಡುತ್ತಾನೆ. ಕೊರಿಂಥದಲ್ಲಂತೂ ಇದೇ ಜಗಳ: ಬಿಡುವಿದ್ದವರು ಮೊದಲು ಬಂದು ಉಂಡು ಮುಗಿಸುತ್ತಿದ್ದರು, ಕೆಲಸ ಮುಗಿಸಿ ಬಂದವರಿಗೆ ಏನೂ ಉಳಿಯುತ್ತಿರಲಿಲ್ಲ. ಒಬ್ಬರಿಗೊಬ್ಬರು ಕಾದುಕೊಳ್ಳಿರಿ ಎಂದು ಪೌಲ ಅವರಿಗೆ ಬರೆಯಬೇಕಾಯಿತು.

ನಾವು ಗೊತ್ತುಮಾಡಿದ ಹೊತ್ತುಗಳು ಎರಡು. ಭಾನುವಾರ ಮಧ್ಯಾಹ್ನ ಮೂರೂವರೆ, ಹೋಟೆಲಿನವರಿಗೂ ಎರಡು ಗಂಟೆಗೆ ಪಾಳಿ ಇಳಿಯುವ ನರ್ಸುಗಳಿಗೂ. ಮಂಗಳವಾರ ರಾತ್ರಿ ಎಂಟೂ ಮುಕ್ಕಾಲು, ಕಾವಲುಗಾರರಿಗೂ ಮಂಗಳವಾರ ವಾರದ ರಜೆ ಇರುವ ಅಂಗಡಿ ಹುಡುಗರಿಗೂ. ಕರ್ತನ ದಿನವೆಂದರೆ ಭಾನುವಾರ, ಮಂಗಳವಾರ ಎಂಥ ಕರ್ತನ ದಿನ ಎಂದು ನಮ್ಮವರೇ ನಕ್ಕರು. ಮಂಗಳವಾರದ್ದು ಬರೀ ಪ್ರಾರ್ಥನಾ ಕೂಟವೋ ಪೂರ್ಣ ಆರಾಧನೆಯೋ, ಅಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭು ಭೋಜನ ಕೊಡಬಹುದೋ ಎಂದು ನಮ್ಮ ಬೋಧಕರಾದ ಅಯ್ಯನವರೂ ಬಹಳ ಯೋಚಿಸಿದರು. ಕೊನೆಗೆ, ತಿಂಗಳ ಮೊದಲ ವಾರದ ಭಾನುವಾರ ಕೊಟ್ಟದ್ದನ್ನೇ ಅದೇ ವಾರ ಮಂಗಳವಾರದವರಿಗೂ ಕೊಡಬೇಕೆಂದು ತೀರ್ಮಾನಿಸಿದರು. ಇದು ಸರಿಯೆಂದೇ ನನ್ನ ಅಭಿಪ್ರಾಯ. ಬಡವರಿಗೆ ಪ್ರಾರ್ಥನಾ ಕೂಟ, ಬಿಡುವಿದ್ದವರಿಗೆ ಪ್ರಭು ಭೋಜನ ಎಂದಾಗಿದ್ದರೆ ನಾವು ಕೊರಿಂಥದವರೇ ಆಗುತ್ತಿದ್ದೆವು.

ಜಾಗ ಹುಡುಕುವುದು ಹೊತ್ತು ಹುಡುಕಿದಷ್ಟು ಸುಲಭವಾಗಿರಲಿಲ್ಲ. ಬೆಂಗಳೂರಿನ ವಾಡಿಕೆಯಂತೆ ಹತ್ತು ತಿಂಗಳ ಬಾಡಿಗೆ ಮುಂಗಡ, ಹನ್ನೊಂದು ತಿಂಗಳ ಕರಾರು. ಪ್ರಾರ್ಥನೆಗೆಂದು ಹೇಳಿದ ಕೂಡಲೇ ಮಾಲೀಕರ ಮುಖ ಬದಲಾಗುತ್ತಿತ್ತು. ಕೆಲವರು ತರಬೇತಿ ಕೇಂದ್ರವೆಂದು ಹೇಳಿ ಕರಾರು ಬರೆಸಿ, ಆಮೇಲೆ ನಿಮ್ಮಿಷ್ಟ ಎಂದು ಉಪಾಯವನ್ನೂ ಹೇಳಿಕೊಟ್ಟರು. ಅಯ್ಯನವರು ಒಪ್ಪಲಿಲ್ಲ. ಸುಳ್ಳಿನ ಕರಾರಿನ ಮೇಲೆ ಸತ್ಯವೇದ ಇಡಲಾಗದು ಎಂಬುದು ಅವರ ಕಾರಣ. ಮಾಲೀಕನಿಗೆ ಗೊತ್ತಿಲ್ಲದೆ ನಡೆಯುವ ಕೂಟಕ್ಕೆ ಮೊದಲ ದೂರು ಬಂದ ದಿನವೇ ಬೀಗ ಬೀಳುತ್ತದೆ ಎಂಬುದು ನನ್ನ ಕಾರಣ. ಕಡೆಗೆ ಸಿಕ್ಕಿದ್ದು ಪೇಟೆಯ ಒಂದು ಗಲ್ಲಿಯಲ್ಲಿ ಮೂರನೆಯ ಮಹಡಿಯ ಹಾಲ್. ವಾರದ ಉಳಿದ ದಿನಗಳಲ್ಲಿ ಅಲ್ಲಿ ನೃತ್ಯದ ತರಗತಿ ನಡೆಯುತ್ತದೆ, ನಮಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ. ಭಾನುವಾರ ಸಗಟು ಅಂಗಡಿಗಳು ಮುಚ್ಚಿರುವುದರಿಂದ ವಾರವೆಲ್ಲ ಕೈಗಾಡಿ ನುಗ್ಗಲೂ ಜಾಗವಿಲ್ಲದ ಆ ಗಲ್ಲಿಯಲ್ಲಿ ಅಂದು ಕ್ರಿಕೆಟ್ ಆಡಬಹುದು.

ಆ ಹಾಲಿನ ಒಂದು ಗೋಡೆ ನೆಲದಿಂದ ಸೂರಿನವರೆಗೆ ಕನ್ನಡಿ. ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವಾಗ ತೊಂದರೆಯಿಲ್ಲ, ತೆರೆದಾಗ ಎಲ್ಲರಿಗೂ ತಮ್ಮ ಮುಖವೇ ಎದುರು. ಮೊದಲ ಆರಾಧನೆಯಲ್ಲಿ ನರ್ಸಿಂಗ್ ಹುಡುಗಿಯರು ನಗು ತಡೆಯಲಾರದೆ ಒದ್ದಾಡಿದರು. ಆಮೇಲೆ ಬೆಡ್‌ಶೀಟುಗಳನ್ನು ಹೊಲಿಸಿ, ಮೇಲೆ ಹಗ್ಗ ಕಟ್ಟಿ ಪರದೆ ಮಾಡಿದೆವು. ಪ್ಲಾಸ್ಟಿಕ್ ಕುರ್ಚಿ ಹಾಕುವುದು, ಪರದೆ ಎಳೆಯುವುದು, ಮುಗಿದ ಮೇಲೆ ಎಲ್ಲವನ್ನೂ ಮೆಟ್ಟಿಲ ಕೆಳಗೆ ಪೇರಿಸಿಡುವುದು ಮೊದಲು ಬಂದವರ ಕೆಲಸ. ಯಾರು ಹಾಕಬೇಕೆಂದು ಪಟ್ಟಿ ಮಾಡಲು ಹೊರಟಾಗ ಒಬ್ಬ ಕಾವಲುಗಾರ ಅಣ್ಣ, "ಇದಕ್ಕೂ ಡ್ಯೂಟಿ ಹಾಕ್ತೀರಾ ಸಾರ್?" ಎಂದದ್ದರಿಂದ ಪಟ್ಟಿಯ ಯೋಚನೆ ಬಿಟ್ಟೆವು.

ಮೈಕಿನ ವಿಷಯದಲ್ಲಿ ನಾನು ಹಟ ಹಿಡಿದೆ. ಹೊಸ ಸಭೆಗಳಲ್ಲಿ ಕಾಣಿಕೆಯ ಹಣ ಒಂದಿಷ್ಟು ಕೂಡಿದ ಕೂಡಲೇ ಡ್ರಮ್ ಸೆಟ್ಟು, ಕೀಬೋರ್ಡು, ಎರಡು ಎದೆಮಟ್ಟದ ಸ್ಪೀಕರುಗಳು ಬರುತ್ತವೆ. ನಲವತ್ತು ಜನ ಕುಳಿತ ಕೋಣೆಯಲ್ಲಿ ನಾಲ್ಕು ಬೀದಿಗೆ ಕೇಳುವ ಪ್ರಸಂಗ. ಇದರ ಮೇಲೆ ಸುಪ್ರೀಂ ಕೋರ್ಟಿನ ತೀರ್ಪೇ ಇದೆ. ಚೆನ್ನೈನ ಒಂದು ಬಡಾವಣೆಯಲ್ಲಿ ಚರ್ಚ್ ಆಫ್ ಗಾಡ್ (ಫುಲ್ ಗಾಸ್ಪೆಲ್) ಸಭೆಯ ಡ್ರಮ್ಮು, ಧ್ವನಿವರ್ಧಕಗಳ ವಿರುದ್ಧ ನಿವಾಸಿಗಳ ಸಂಘ ಕೋರ್ಟಿಗೆ ಹೋಗಿ, 2000ದ ಆಗಸ್ಟಿನಲ್ಲಿ ತೀರ್ಪು ಬಂತು: ಧ್ವನಿವರ್ಧಕದಿಂದ ಇತರರ ನೆಮ್ಮದಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸುವುದಿಲ್ಲ ಎಂದು. ಅದೇ ವರ್ಷದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಣಿಜ್ಯ ಪ್ರದೇಶದಲ್ಲಿ ಹಗಲು 65, ರಾತ್ರಿ 55 ಡೆಸಿಬೆಲ್ ಮಿತಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಕೂಡದು. ಇದನ್ನೆಲ್ಲ ನಾನು ಸಮಿತಿಯಲ್ಲಿ ಓದಿ ಹೇಳಿದ್ದಕ್ಕೆ, ಖಜಾಂಚಿಗೆ ಸ್ಪೀಕರಿನ ಖರ್ಚು ಉಳಿಸುವ ಆಸೆ ಎಂದರು. ಅದೂ ನಿಜವೇ. ನಮ್ಮಲ್ಲಿ ಈಗಲೂ ಮೈಕಿಲ್ಲ, ಒಂದು ಢೋಲಕ್ ಇದೆ.

ನೆರೆಯವರ ಸಂದೇಹಕ್ಕೆ ಶಬ್ದವೊಂದೇ ಕಾರಣವಲ್ಲವೆಂಬುದು ಕರ್ನಾಟಕದಲ್ಲಿ ಪ್ರಾರ್ಥನೆ ಸೇರುವ ಎಲ್ಲರಿಗೂ ಗೊತ್ತು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತಿತರ ಕಡೆ ದೇವಾಲಯಗಳ ಮೇಲೆ ದಾಳಿಗಳಾದಾಗಿನ ಭಯ ನಮ್ಮ ಹಿರಿಯರಲ್ಲಿ ಇನ್ನೂ ಇದೆ. 2022ರಲ್ಲಿ ಬಂದ ಮತಾಂತರ ನಿಷೇಧದ ಕಾಯಿದೆ, 2023ರ ಜೂನ್‌ನಲ್ಲಿ ಅದನ್ನು ಹಿಂಪಡೆಯಲು ಸಚಿವ ಸಂಪುಟ ಮಾಡಿದ ನಿರ್ಧಾರ, ಎರಡೂ ಸಂದರ್ಭಗಳಲ್ಲಿ ನಡೆದ ಚರ್ಚೆಯ ಕಾವು ಬೀದಿಯವರೆಗೂ ಬಂತು. ಸಂವಿಧಾನದ 25 ಮತ್ತು 26ನೇ ವಿಧಿಗಳು ನಮ್ಮ ಪರವಾಗಿವೆ ಎಂಬುದು ಸರಿ, ಆದರೆ ಕೆಳಗಿನ ಪಾತ್ರೆಯಂಗಡಿಯವರ ಜೊತೆ ದಿನ ಬೆಳಗಾದರೆ ಮುಖ ನೋಡಬೇಕಾದವರು ನಾವು. ನಾವು ಮಾಡಿದ್ದು ಇಷ್ಟೇ: ಸಭೆಯ ಹೆಸರು ಮತ್ತು ಹೊತ್ತನ್ನು ಕನ್ನಡದಲ್ಲಿ ಬರೆದ ಬೋರ್ಡನ್ನು ಮೆಟ್ಟಿಲ ಬಾಯಲ್ಲೇ ಹಾಕಿದೆವು, ಬಾಗಿಲನ್ನು ತೆರೆದೇ ಇಟ್ಟೆವು. ಪಾತ್ರೆಯಂಗಡಿಯ ಸೇಟು ಒಂದು ಸಲ ಮೇಲೆ ಬಂದು, ಹಿಂದಿನ ಸಾಲಿನಲ್ಲಿ ಎರಡು ಹಾಡು ಕೇಳಿ, ಬಾಡಿಗೆ ಎಷ್ಟು ಕೊಡುತ್ತೀರಿ ಎಂದು ವಿಚಾರಿಸಿ ಇಳಿದು ಹೋದರು. ಬಾಡಿಗೆ ಹೆಚ್ಚಾಯಿತು ಎಂಬುದು ಅವರ ಅಭಿಪ್ರಾಯ.

ಹಾಡಿನ ಮಾತು ಬಂದದ್ದರಿಂದ ಹೇಳುತ್ತೇನೆ. ಕನ್ನಡ ಸಭೆ ಎಂದು ಬೋರ್ಡು ಹಾಕುವುದು ಸುಲಭ, ಯಾವ ಹಾಡು ಹಾಡಬೇಕೆಂಬಲ್ಲಿ ತಕರಾರು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿನಲ್ಲೂ ಅದಾದ ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿಗಳಲ್ಲೂ ನೆಲೆಯೂರಿತು. ಆ ಕಡೆಯವರು ಜರ್ಮನ್ ರಾಗಗಳಿಗೆ ಕೂರಿಸಿದ ಗೀತೆಗಳನ್ನು ನಾಲ್ಕು ಸ್ವರದಲ್ಲಿ ನಿಧಾನವಾಗಿ ಹಾಡಿ ಬೆಳೆದವರು. ಬೀದರಿನವರಿಗೆ ಢೋಲಕ್, ತಾಳಗಳ ಜೊತೆ ಒಬ್ಬರು ಎತ್ತಿಕೊಟ್ಟು ಉಳಿದವರು ಹಿಡಿಯುವ ಭಜನೆಯೇ ಆರಾಧನೆ. ಕೋಲಾರದ ಹುಡುಗಿಯರಿಗೆ ತೆಲುಗಿನಿಂದ ಬಂದ ಹಾಡುಗಳೇ ಬಾಯಿಪಾಠ, ಬೆಂಗಳೂರಿನ ನಮ್ಮ ಮಕ್ಕಳಿಗೆ ಯೂಟ್ಯೂಬಿನವು. ಗೀತಪುಸ್ತಕ ನೋಡಿ ಹಾಡಿಸಿದರೆ ಪುಸ್ತಕ ನೋಡಿ ಓದಲು ಕಷ್ಟವಿರುವವರು ಸುಮ್ಮನಾಗುತ್ತಾರೆ. ನಮ್ಮಲ್ಲಿ ಈಗ ಮಂಗಳವಾರದ ಆರಾಧನೆ ಪೂರ್ತಿ ಭಜನೆಯ ಧಾಟಿಯಲ್ಲಿ ನಡೆಯುತ್ತದೆ, ಭಾನುವಾರದ್ದು ಕಲಸುಮೇಲೋಗರ. ಭಾನುವಾರದವರು ಒಮ್ಮೊಮ್ಮೆ ಮಂಗಳವಾರ ಬಂದು, ಇಲ್ಲಿನ ಹಾಡೇ ಚೆನ್ನ ಎನ್ನುತ್ತಾರೆ. ನನಗೂ ಹಾಗೇ ಅನ್ನಿಸಿದೆ.

ಇಷ್ಟರವರೆಗೆ ಹೇಳಿದ್ದೆಲ್ಲ ಸಂಭಾಳಿಸಬಹುದಾದ ಕಷ್ಟಗಳು. ಸಭೆ ಎಂಬುದು ಸೇರುವುದಷ್ಟೇ ಅಲ್ಲವೆಂದು ತಿಳಿಯುವುದು ಮದುವೆ ಮತ್ತು ಸಾವಿನಲ್ಲಿ. ನಮ್ಮ ಸಭೆಯಲ್ಲೇ ಪರಿಚಯವಾದ ಹುಡುಗ, ಹುಡುಗಿ ಮದುವೆಯಾಗಲು ಬಯಸಿದಾಗ ನಾವು 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯನ್ನು ಓದಬೇಕಾಯಿತು. ಯಾರು ಮದುವೆ ನಡೆಸಬಹುದೆಂದು ಅದರ 5ನೇ ಕಲಮು ಪಟ್ಟಿ ಮಾಡುತ್ತದೆ: ಬಿಷಪ್ಪರಿಂದ ದೀಕ್ಷೆ ಪಡೆದವರು, ಸರ್ಕಾರದಿಂದ ಪರವಾನಗಿ ಪಡೆದ ಧರ್ಮಬೋಧಕರು, ವಿವಾಹ ರಿಜಿಸ್ಟ್ರಾರರು ಹೀಗೆ. ಯಾವ ಡಯಾಸಿಸ್ಸಿಗೂ, ಅಂದರೆ ಯಾವ ಬಿಷಪ್ಪರ ಆಡಳಿತಕ್ಕೂ, ಸೇರದ ಸಭೆಯ ಬೋಧಕರು ಪರವಾನಗಿ ಇಲ್ಲದೆ ಎಷ್ಟೇ ಭಕ್ತಿಯಿಂದ ಮದುವೆ ಮಾಡಿಸಿದರೂ ಕಾನೂನಿನ ಕಣ್ಣಿನಲ್ಲಿ ಅದು ಮದುವೆಯಲ್ಲ. ಹೊಸ ಸಭೆಗಳಲ್ಲಿ ಇದನ್ನು ತಿಳಿಯದೆ, ಅಥವಾ ತಿಳಿದೂ ಲಕ್ಷ್ಯ ಮಾಡದೆ ಮದುವೆ ನಡೆಸುವವರಿದ್ದಾರೆ. ಅದರ ಪೆಟ್ಟು ಬೀಳುವುದು ವರ್ಷಗಳ ನಂತರ, ಹೆಣ್ಣುಮಕ್ಕಳ ಮೇಲೆ, ಪಾಸ್‌ಪೋರ್ಟಿಗೋ ಪಿಂಚಣಿಗೋ ಪ್ರಮಾಣಪತ್ರ ಬೇಕಾದಾಗ. ಅದೇ ಕಾಯಿದೆಯ 10ನೇ ಕಲಮಿನ ಪ್ರಕಾರ, ವಿಶೇಷ ಲೈಸೆನ್ಸಿನಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಮದುವೆ ಬೆಳಿಗ್ಗೆ ಆರರಿಂದ ಸಂಜೆ ಏಳರೊಳಗೇ ನಡೆಯಬೇಕು. ರಾತ್ರಿ ಎಂಟೂ ಮುಕ್ಕಾಲಿಗೆ ಸೇರುವ ನಮ್ಮ ಮಂಗಳವಾರದವರ ಹೊತ್ತು ಅಲ್ಲಿಯೂ ಲೆಕ್ಕಕ್ಕಿಲ್ಲ. ಆ ಜೋಡಿಯ ಮದುವೆ ಹುಡುಗಿಯ ಊರಿನ ದೇವಾಲಯದಲ್ಲಿ ನಡೆಯಿತು. ನಾವು ಬಸ್ಸು ಮಾಡಿಕೊಂಡು ಹೋಗಿ ಹಾಡಿ ಬಂದೆವು.

ಸಾವಿನದು ಇನ್ನೂ ಬಿಗಿ. ಬೆಂಗಳೂರಿನಲ್ಲಿ ಹೊಸೂರು ರಸ್ತೆಯದಾಗಲಿ ಕಲ್ಪಳ್ಳಿಯದಾಗಲಿ, ಕ್ರೈಸ್ತ ಸ್ಮಶಾನಗಳು ಹಳೆಯವು, ತುಂಬಿದವು. ಹೂಳಲು ಹೋದರೆ ಯಾವ ಸಭೆಯ ಸದಸ್ಯರು, ಸಭಾಪಾಲಕರ ಪತ್ರವೆಲ್ಲಿ ಎಂಬ ಪ್ರಶ್ನೆ ಮೊದಲು ಬರುತ್ತದೆ. ಇದನ್ನು ಬಲ್ಲವರು ಹೊಸ ಸಭೆಗೆ ಬರುತ್ತಿದ್ದರೂ ಹಳೆಯ ದೇವಾಲಯದ ಚಂದಾವನ್ನು ತಪ್ಪದೆ ಕಟ್ಟುತ್ತಿರುತ್ತಾರೆ. ಬದುಕಿರುವಾಗ ಇಲ್ಲಿ, ಸತ್ತಾಗ ಅಲ್ಲಿ. ಈ ಎರಡು ದೋಣಿಯ ಮೇಲಿನ ಕಾಲನ್ನು ಪ್ರಸಂಗಗಳಲ್ಲಿ ಟೀಕಿಸುವ ಬೋಧಕರಿದ್ದಾರೆ. ಆರಡಿ ನೆಲ ಕೊಡಲಾಗದವರು ಟೀಕಿಸಬಾರದು ಎಂದು ನಾನು ಹೇಳುತ್ತೇನೆ. ಆದರೆ ಬೀದರಿನ ಕಾವಲುಗಾರನಿಗೆ ಈ ಊರಿನಲ್ಲಿ ಹಳೆಯ ದೇವಾಲಯವೂ ಇಲ್ಲ. ನಮ್ಮವರಲ್ಲೊಬ್ಬರು ಪಾಳಿಯಲ್ಲಿದ್ದಾಗಲೇ ಹೃದಯಾಘಾತದಿಂದ ತೀರಿಕೊಂಡರು. ಶವವನ್ನು ಸುಮಾರು 700 ಕಿಲೊಮೀಟರು ದೂರದ ಹಳ್ಳಿಗೆ ಆಂಬುಲೆನ್ಸಿನಲ್ಲಿ ಒಯ್ಯಬೇಕಾಯಿತು. ಬಾಡಿಗೆ ನಮ್ಮ ಸಭೆಯ ಖಾತೆಯಲ್ಲಿದ್ದುದಕ್ಕಿಂತ ಹೆಚ್ಚಾಗಿತ್ತು. ಅಂದು ಹೋಟೆಲಿನ ಹುಡುಗರು ತಮ್ಮ ತಮ್ಮ ಮಾಲೀಕರಿಂದ ಮುಂಗಡ ಸಂಬಳ ತಂದು ನನ್ನ ಕೈಗಿಟ್ಟರು, ಚೀಟಿಯಲ್ಲಿ ಹೆಸರು ಬರೆದುಕೊಳ್ಳಲು ಹೋದಾಗ ಬೇಡವೆಂದರು. ರಸೀದಿ ಇಲ್ಲದೆ ಜಮಾ ಮಾಡಿದ ಹಣ ಅದೊಂದೇ.

ಉಳಿದದ್ದಕ್ಕೆಲ್ಲ ಪಕ್ಕಾ ಲೆಕ್ಕವಿದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ಸಂಘ ಮಾಡಲು ಕನಿಷ್ಠ ಏಳು ಜನ ಬೇಕು. ಬೋಧಕರು ಮತ್ತು ಅವರ ಹೆಂಡತಿ ಇಬ್ಬರೇ ಟ್ರಸ್ಟಿಗಳಾಗಿ ಟ್ರಸ್ಟ್ ಮಾಡಿಕೊಳ್ಳುವುದು ಸರಳ ದಾರಿ, ಹೊಸ ಸಭೆಗಳಲ್ಲಿ ಬಹಳ ಮಂದಿ ಹಿಡಿಯುವ ದಾರಿ; ಮುಂದೆ ಜಾಗ, ಹಣ ಕೂಡಿದಾಗ ಅದು ಕುಟುಂಬದ ಆಸ್ತಿಯಂತಾಗುವುದೂ ಅದರಿಂದಲೇ. ನಾವು ಏಳು ಜನರ ದಾರಿ ಹಿಡಿದು, ಅವರಲ್ಲಿ ಇಬ್ಬರಾದರೂ ಮಂಗಳವಾರದವರಿರಬೇಕೆಂದು ಬರೆದುಕೊಂಡೆವು. ವಿದೇಶಿ ಹಣದ ಆಸೆಗೆ ಹೋಗಲಿಲ್ಲ, ಹೋಗಬೇಕಾದ ಅಗತ್ಯವೂ ಬೀಳಲಿಲ್ಲ. ಕಾಣಿಕೆಯಲ್ಲಿ ಬಾಡಿಗೆ ಹುಟ್ಟುತ್ತದೆ, ಅಯ್ಯನವರಿಗೆ ಅರ್ಧ ಸಂಬಳ ಹುಟ್ಟುತ್ತದೆ. ಉಳಿದರ್ಧಕ್ಕೆ ಅವರು ಶಾಲೆಯೊಂದರಲ್ಲಿ ಪಾಠ ಹೇಳುತ್ತಾರೆ. ಗುಡಾರ ಹೊಲಿದುಕೊಂಡು ಸಾರಿದ ಪೌಲನಿಗೆ ಅದು ಅವಮಾನವಾಗಿರಲಿಲ್ಲ, ನನಗೇನು ಎಂದು ಅವರು ಹೇಳುವುದನ್ನು ಕೇಳಿದ್ದೇನೆ. ಅವರ ಹೆಂಡತಿಯ ಅಭಿಪ್ರಾಯ ಬೇರೆ ಇರಬಹುದು.

ಈಗ ಹಾಲಿನ ಮಾಲೀಕರು ಬಾಡಿಗೆ ಏರಿಸಿದ್ದಾರೆ, ಹೊಸ ಜಾಗ ಹುಡುಕುವ ಮಾತು ಮತ್ತೆ ಬಂದಿದೆ. ಇದೇ ಸಮಯದಲ್ಲಿ ನಾನು ಓದಿದ ಒಂದು ಸಂಗತಿ ಮನಸ್ಸಿನಲ್ಲಿ ಉಳಿದಿದೆ. ನ್ಯೂಯಾರ್ಕಿನ ನಟ್ಟನಡುವೆ, ಮ್ಯಾನ್‌ಹ್ಯಾಟನ್‌ನಲ್ಲಿ 1989ರಲ್ಲಿ ಟಿಮ್ ಕೆಲ್ಲರ್ ಆರಂಭಿಸಿ, ಆಮೇಲೆ ಜಗತ್ತಿನ ಅನೇಕ ನಗರಗಳವರು ಮಾದರಿಯೆಂದು ನೋಡಿದ ರಿಡೀಮರ್ ಸಭೆ ಮೊದಲು ಸೇರಿದ್ದು ಸೆವೆಂತ್‌ಡೇ ಅಡ್ವೆಂಟಿಸ್ಟರ ದೇವಾಲಯದಲ್ಲಿ. ಅಡ್ವೆಂಟಿಸ್ಟರ ಆರಾಧನೆ ಶನಿವಾರ. ಭಾನುವಾರ ಅವರ ಕಟ್ಟಡ ಖಾಲಿ. ಅಲ್ಲಿಂದ ಆ ಸಭೆ ಒಂದು ಕಾಲೇಜಿನ ಸಭಾಂಗಣಕ್ಕೆ ಹೋಯಿತು, ವೆಸ್ಟ್ 83ನೇ ಬೀದಿಯಲ್ಲಿ ಹಳೆಯ ವಾಹನ ನಿಲುಗಡೆ ಕಟ್ಟಡವನ್ನು ಕೊಂಡು ಮಾರ್ಪಡಿಸಿ ಸ್ವಂತ ಜಾಗ ತೆರೆದದ್ದು 2012ರಲ್ಲಿ. ಅವರ ಸಭೆಯಲ್ಲಿದ್ದವರು ಹೆಚ್ಚಾಗಿ ಓದಿದ, ಒಳ್ಳೆಯ ಸಂಬಳದ ಯುವಜನ. ನಮ್ಮವರಿಗೂ ಅವರಿಗೂ ಹೋಲಿಕೆಯಿಲ್ಲ. ಆದರೆ ಖಾಲಿ ಹೊತ್ತನ್ನು ಎರವಲು ಪಡೆಯುವ ದಾರಿ ಎರಡು ಊರಿಗೂ ಒಂದೇ. ನಮ್ಮ ಪೇಟೆಯ ನಡುವಿನ ಹಳೆಯ ದೇವಾಲಯಗಳು ಮಂಗಳವಾರ ರಾತ್ರಿ ಬಾಗಿಲು ಹಾಕಿಯೇ ಇರುತ್ತವೆ. ಬೆಂಚುಗಳಿವೆ, ದೀಪಗಳಿವೆ, ಕನ್ನಡಿ ಇಲ್ಲ.

ಹಾಗಾಗಿ ಅಂಥದೊಂದು ದೇವಾಲಯದ ಸಮಿತಿಗೆ ಅರ್ಜಿ ಬರೆದು ಕೊಟ್ಟಿದ್ದೇವೆ. ಹಿರಿಯರು ಸೌಜನ್ಯದಿಂದಲೇ ಕೇಳಿಸಿಕೊಂಡರು. ಬೇರೆ ಸಭೆಯವರಿಗೆ ಕೊಟ್ಟರೆ ಡಯಾಸಿಸ್ ಏನೆನ್ನುತ್ತದೆ, ವಿದ್ಯುತ್ತಿನ ಬಿಲ್ಲು ಯಾರು ಕಟ್ಟಬೇಕು, ಢೋಲಕ್ ಬಾರಿಸಬಹುದೇ ಎಂಬ ಪ್ರಶ್ನೆಗಳೆಲ್ಲ ಬಂದವು, ಕೆಲವಕ್ಕೆ ಅಲ್ಲೇ ಉತ್ತರವೂ ಸಿಕ್ಕಿತು. ಕೊನೆಯವರೆಗೂ ಬಗೆಹರಿಯದೆ ಉಳಿದದ್ದು ಬಾಗಿಲು ತೆಗೆದು ಹಾಕುವ ಅಟೆಂಡರಿನ ಪ್ರಶ್ನೆ. ಅವರು ಬೆಳಿಗ್ಗೆ ಆರಕ್ಕೆ ಬಂದು ಸಂಜೆ ಆರಕ್ಕೆ ಹೊರಡುವವರು, ಮನೆ ದೂರ. ನಾವು ಮುಗಿಸಿ ಏಳುವ ಹೊತ್ತಿಗೆ ರಾತ್ರಿ ಹತ್ತಾಗುತ್ತದೆ, ಅವರ ಕಡೆಯ ಬಸ್ಸು ಅಷ್ಟರಲ್ಲಿ ಹೋಗಿರುತ್ತದೆ. ಮಂಗಳವಾರ ಮಧ್ಯಾಹ್ನದಿಂದ ಅವರಿಗೆ ರಜೆ ಕೊಡಬೇಕು, ರಾತ್ರಿಯ ನಾಲ್ಕು ತಾಸಿನ ಕೂಲಿಯನ್ನೂ ಮನೆಯವರೆಗಿನ ಆಟೋ ಬಾಡಿಗೆಯನ್ನೂ ನಮ್ಮ ಸಭೆ ಕೊಡುತ್ತದೆ ಎಂದು ನಾನು ಅರ್ಜಿಗೆ ಇನ್ನೊಂದು ಪುಟ ಸೇರಿಸಿ ಕಳುಹಿಸಿದ್ದೇನೆ. ಅವರು ಒಪ್ಪಿದ ಮೇಲೆಯೇ ಸಮಿತಿ ತೀರ್ಮಾನಿಸಲಿ ಎಂದೂ ಅದರಲ್ಲಿ ಬರೆದಿದ್ದೇನೆ.